ಐರ್ಲೆಂಡಿನ ಕಿರುಚಿತ್ರಗಳು

ಯು ಮಿಂಗ್ ಎಂಬ ಚೀನೀ ತರುಣನೊಬ್ಬನಿಗೆ ತನ್ನ ಊರಿನ ಅಂಗಡಿಯ ಚಾಕರಿ ಸಾಕಾಗಿ ಹೋಗಿತ್ತು. ಒಂದು ದಿನ ಗ್ರಂಥಾಲಯದಲ್ಲಿದ್ದ ಭೂಗೋಳವನ್ನು ಗಿರ್ರನೆ ತಿರುಗಿಸಿ ಅದರ ಮೇಲೆ ಬೆರಳಿಟ್ಟ. ಬೆರಳು ಐರ್ಲೆಂಡಿನ ಮೇಲೆ ನಿಂತಿತು. ಸರಿ, ಅಲ್ಲಿಗೇ ಹೋಗುವುದೆಂದು ನಿಶ್ಚಯಿಸಿದ. ಅಲ್ಲಿನ ರಾಜಭಾಷೆ ಐರಿಷ್ ಎಂದು ಪುಸ್ತಕದಲ್ಲಿ ಅಚ್ಚಾಗಿತ್ತು. ಪಾಪ, ಆರು ತಿಂಗಳು ಕೂತು, ಕನ್ನಡಿಯ ಮುಂದೆ ನಿಂತು, ಆ ಭಾಷೆಯನ್ನು ಶ್ರದ್ಧೆಯಿಂದ ಕಲಿತ. ಡಬ್ಲಿನ್ ನಗರಕ್ಕೆ ಬಂದಿಳಿದು ಬಾಯಿ ತೆರೆದರೆ, ಅವನ ಮಾತು ಒಬ್ಬರಿಗೂ ತಿಳಿಯದು! ವಸತಿಗೃಹದವರು ಅವನು ಚೀನೀ ಭಾಷೆಯನ್ನೇ ಆಡುತ್ತಿರುವನೆಂದು ಭಾವಿಸಿದರು. ತನ್ನ ಉಚ್ಚಾರಣೆಯಲ್ಲೇ ಏನೋ ದೋಷವಿರಬೇಕೆಂದು ಹುಡುಗ ಕುಗ್ಗಿಹೋದ. ಕಡೆಗೆ ಒಂದು ಪಾನಗೃಹದಲ್ಲಿ, ಮೂಲೆಯಲ್ಲಿ ಒಬ್ಬನೇ ಕುಳಿತಿದ್ದ ಮುದುಕನೊಬ್ಬ ಅವನಿಗೆ ಐರಿಷ್‌ನಲ್ಲಿ ಉತ್ತರ ಕೊಟ್ಟ. ಇಬ್ಬರೂ ಬಹಳ ಹೊತ್ತು ಮನಸಾರೆ ಮಾತನಾಡಿದರು. ಅದನ್ನು ನೋಡುತ್ತಿದ್ದ ಪಾನಗೃಹದ ಸೇವಕನಿಗೆ ಪರಮಾಶ್ಚರ್ಯ: ಈ ಮುದುಕನಿಗೆ ಚೀನೀ ಭಾಷೆ ಬರುವುದೆಂದು ತನಗೆ ತಿಳಿದೇ ಇರಲಿಲ್ಲವಲ್ಲ ಎಂದು.

ಇದು ೨೦೦೩ರಲ್ಲಿ ಡೇನಿಯಲ್ ಒ'ಹಾರಾ ಎಂಬವರು ತೆಗೆದ ಒಂದು ಕಿರುಚಿತ್ರದ ಕಥೆ. ಸುಮಾರು ಹದಿಮೂರು ನಿಮಿಷದ ಚಿತ್ರ. ಅದರ ಹೆಸರು 'ಯು ಮಿಂಗ್ ಇಸ್ ಅನಿಮ್ ದುಮ್', ಅಂದರೆ 'ಯು ಮಿಂಗ್ ಎಂಬುದು ನನ್ನ ಹೆಸರು'. ಕಳೆದ ಬೇಸಗೆಯಲ್ಲಿ ಊರಿಗೆ ಬಂದಿದ್ದ ನನ್ನ ಸೋದರಳಿಯ ಇದನ್ನು ತನ್ನ ಕಂಪ್ಯೂಟರಿನಲ್ಲಿ ಹಾಕಿ ತೋರಿಸಿದ. ಮನೆಮಂದಿಯೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಆ ರಾತ್ರಿ ನಿದ್ರೆ ಬರಲಿಲ್ಲ. ಮೂವತ್ತು ವರ್ಷ ತರಗತಿಯಲ್ಲಿ ನಿಂತು ಭಾಷೆ ಕಲಿಸಿದವನಿಗೆ, ಪುಸ್ತಕದಲ್ಲಿ ಮಾತ್ರ ಉಳಿದು ಬೀದಿಯಲ್ಲಿ ಉಳಿಯದ ಭಾಷೆಯೆಂದರೆ ಏನೆಂಬುದು ಹಾಸ್ಯದ ಸಂಗತಿಯಾಗಿ ತೋರದು. ಪಂಡಿತನ ಚಪಲದಿಂದ ಇನ್ನೊಂದು ಮಾತು ಹೇಳಿಬಿಡುತ್ತೇನೆ: 'ಅನಿಮ್' ಎಂಬ ಆ ಐರಿಷ್ ಶಬ್ದ ಸಂಸ್ಕೃತದ 'ನಾಮನ್' ಶಬ್ದದ ದಾಯಾದಿ. ಭಾಷಾಶಾಸ್ತ್ರಜ್ಞರು ಇದನ್ನು ಒಪ್ಪುತ್ತಾರೆ. ಅಷ್ಟು ದೂರದಲ್ಲಿ ನಮಗೆ ಪರಿಚಿತವಾದ ಒಂದು ಮುಖ ಕಂಡಂತಾಯಿತು.

ಐರಿಷ್ ಭಾಷೆಯ ಸ್ಥಿತಿಯನ್ನು ಎರಡು ಮಾತಿನಲ್ಲಿ ಹೇಳದಿದ್ದರೆ ಅಲ್ಲಿನ ಚಿತ್ರಗಳ ವಿಚಾರ ಮುಂದೆ ಸಾಗದು. ೧೯೩೭ರ ಸಂವಿಧಾನದ ಪ್ರಕಾರ ಆ ದೇಶದ ಮೊದಲನೆಯ ರಾಜಭಾಷೆ ಐರಿಷ್. ಇಂಗ್ಲಿಷಿಗೆ ಎರಡನೆಯ ಸ್ಥಾನ. ಶಾಲೆಗಳಲ್ಲಿ ಎಲ್ಲ ಮಕ್ಕಳೂ ಅದನ್ನು ಓದುತ್ತಾರೆ. ೨೦೨೨ರ ಜನಗಣತಿಯಲ್ಲಿ ಸುಮಾರು ಹದಿನೆಂಟು ಲಕ್ಷ ಎಪ್ಪತ್ತು ಸಾವಿರ ಜನ ತಮಗೆ ಐರಿಷ್ ಬರುತ್ತದೆಂದು ಬರೆಸಿದ್ದಾರೆ. ಆದರೆ ಶಾಲೆಯ ಹೊರಗೆ ದಿನವೂ ಅದನ್ನು ಆಡುವವರು ಎಷ್ಟು ಮಂದಿ ಎಂದು ನೋಡಿದರೆ ಸುಮಾರು ಎಪ್ಪತ್ತೆರಡು ಸಾವಿರ! ನಮ್ಮ ಒಂದು ಮಧ್ಯಮ ಪಟ್ಟಣದಲ್ಲಿ ಅದಕ್ಕಿಂತ ಹೆಚ್ಚು ಜನರಿರುತ್ತಾರೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಶಾಲೆಗಳು, ೧೮೪೫ರಿಂದ ಮೊದಲಾದ ಆಲೂಗೆಡ್ಡೆಯ ಕ್ಷಾಮ, ಅದರ ಹಿಂದೆಯೇ ಹಡಗು ಹತ್ತಿ ಅಮೆರಿಕೆಗೆ ಹೋದ ಲಕ್ಷಾಂತರ ಸಂಸಾರಗಳು, ಇವೆಲ್ಲ ಸೇರಿ ಭಾಷೆಯನ್ನು ಪಶ್ಚಿಮ ಕರಾವಳಿಯ ಕೆಲವು ತುಂಡು ನೆಲಕ್ಕೆ ತಳ್ಳಿದವು. ಆ ತುಂಡುಗಳಿಗೆ 'ಗೇಲ್ಟಾಖ್ಟ್' ಎಂದು ಹೆಸರು. ಯು ಮಿಂಗನಿಗೂ ಕೊನೆಗೆ ಕೆಲಸ ಸಿಕ್ಕುವುದು ಅಂಥ ಒಂದು ಊರಿನ ಪಾನಗೃಹದಲ್ಲೇ.

ಇಷ್ಟು ಸಣ್ಣ ನಾಡಿಗೆ, ೨೦೨೨ರಲ್ಲಿ ಸುಮಾರು ಐವತ್ತೊಂದು ಲಕ್ಷ ಜನಸಂಖ್ಯೆಯಿದ್ದ ದೇಶಕ್ಕೆ, ಸ್ವಂತ ಚಲಚ್ಚಿತ್ರವೆಂಬುದು ಹೇಗೆ ಬಂತು? ಸುಲಭವಾಗಿ ಬರಲಿಲ್ಲ. ಡಬ್ಲಿನ್ನಿನ ಮೇರಿ ಬೀದಿಯಲ್ಲಿ ೧೯೦೯ರ ಡಿಸೆಂಬರಿನಲ್ಲಿ 'ವೋಲ್ಟಾ' ಎಂಬ ಚಿತ್ರಮಂದಿರ ತೆರೆಯಿತು. ಅದರ ವ್ಯವಸ್ಥಾಪಕ ಯಾರೆಂದುಕೊಂಡಿರಿ? ಮುಂದೆ ಜಗತ್ಪ್ರಸಿದ್ಧ ಕಾದಂಬರಿಕಾರನಾದ ಜೇಮ್ಸ್ ಜಾಯ್ಸ್. ಇಟಲಿಯ ಕಡೆಯ ಬಂಡವಾಳಗಾರರನ್ನು ಒಪ್ಪಿಸಿ ಅವನು ಈ ಸಾಹಸಕ್ಕೆ ಇಳಿದಿದ್ದ. ಕೆಲವೇ ತಿಂಗಳಲ್ಲಿ ಕೈ ಸುಟ್ಟುಕೊಂಡು ಬಿಟ್ಟ. ಸಾಹಿತ್ಯಕ್ಕೆ ಅದರಿಂದ ಲಾಭವೇ ಆಯಿತೆನ್ನಬೇಕು. ಆಮೇಲೆ ಬಹುಕಾಲ ಐರ್ಲೆಂಡ್ ಇತರರ ಚಿತ್ರಗಳಿಗೆ ಹಿನ್ನೆಲೆಯಾಗಿ ಉಳಿಯಿತು. ಹೊರಗಿನವರು ಬರುವರು, ಹಸಿರು ಗುಡ್ಡ, ಕಲ್ಲಿನ ಗೋಡೆ, ಅಲೆಯಪ್ಪಳಿಸುವ ಬಂಡೆ ಇವನ್ನೆಲ್ಲ ಹಿಡಿದುಕೊಂಡು ಹೊರಟುಹೋಗುವರು. ರಾಬರ್ಟ್ ಫ್ಲಾಹರ್ಟಿ ೧೯೩೪ರಲ್ಲಿ ತೆಗೆದ 'ಮ್ಯಾನ್ ಆಫ್ ಅರಾನ್' ಇವುಗಳಲ್ಲಿ ಅತಿ ಪ್ರಸಿದ್ಧ. ಅದರಲ್ಲಿ ಅರಾನ್ ದ್ವೀಪದ ಬೆಸ್ತರು ದೊಡ್ಡ ಶಾರ್ಕ್ ಮೀನನ್ನು ಈಟಿಯಿಂದ ಬೇಟೆಯಾಡುತ್ತಾರೆ. ನೋಡಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಆ ಬೇಟೆಯ ಪದ್ಧತಿ ಅಲ್ಲಿ ಎಷ್ಟೋ ದಶಕಗಳ ಹಿಂದೆಯೇ ನಿಂತುಹೋಗಿತ್ತು. ಚಿತ್ರಕ್ಕಾಗಿ ಆ ಬೆಸ್ತರಿಗೆ ಹೊಸದಾಗಿ ಕಲಿಸಬೇಕಾಯಿತು. ತೆರೆಯ ಮೇಲಿನ ಗಂಡ, ಹೆಂಡತಿ, ಮಗ ಮೂವರೂ ಬೇರೆ ಬೇರೆ ಮನೆಯವರು. ಇಷ್ಟಾದರೂ ಅದು ದೊಡ್ಡ ಚಿತ್ರವೇ. ಆದರೆ ಆ ದ್ವೀಪದವರು ಅಂದು ಹೇಗೆ ಬದುಕುತ್ತಿದ್ದರೆಂಬುದನ್ನು ತಿಳಿಯಲು ಅದನ್ನು ನಂಬುವಂತಿಲ್ಲ.

ತಮ್ಮ ಕಥೆಯನ್ನು ತಾವೇ ಹೇಳಬೇಕೆಂಬ ಹಟ ಮೊದಲು ಕಾಣಬರುವುದು ವಾರ್ತಾಚಿತ್ರಗಳಲ್ಲಿ. 'ಗೇಲ್ ಲಿನ್' ಎಂಬ ಭಾಷಾಸಂಸ್ಥೆ ೧೯೫೬ರಿಂದ ಐರಿಷ್ ಭಾಷೆಯಲ್ಲಿ ವಾರ್ತಾಚಿತ್ರಗಳನ್ನು ತೆಗೆದು ಚಿತ್ರಮಂದಿರಗಳಿಗೆ ಒದಗಿಸಿತು. ೧೯೫೯ರಲ್ಲಿ ಅದೇ ಸಂಸ್ಥೆಗಾಗಿ ಜಾರ್ಜ್ ಮಾರಿಸನ್ ಎಂಬವರು ಹಳೆಯ ವಾರ್ತಾಚಿತ್ರಗಳ ಸುರುಳಿಗಳನ್ನು ಹುಡುಕಿ, ಜೋಡಿಸಿ, ಸ್ವಾತಂತ್ರ್ಯ ಸಂಗ್ರಾಮದ ಕಥೆಯನ್ನು 'ಮಿಶ ಏರ' ಎಂಬ ಪೂರ್ಣಪ್ರಮಾಣದ ಸಾಕ್ಷ್ಯಚಿತ್ರವಾಗಿ ನಿರೂಪಿಸಿದರು. ಶಾನ್ ಒ ರೀಡಾ ಅವರ ವಾದ್ಯಸಂಗೀತ ಅದಕ್ಕೆ ಪ್ರಾಣ ತುಂಬಿತು. ಬೀದಿಯ ಹಳೆಯ ಹಾಡಿನ ಮಟ್ಟುಗಳನ್ನು ಅವರು ದೊಡ್ಡ ವಾದ್ಯಗೋಷ್ಠಿಗೆ ಅಳವಡಿಸಿದ್ದರು. ಜನ ಚಿತ್ರವನ್ನು ನೋಡಿದ್ದಕ್ಕಿಂತ ಅದನ್ನು ಕೇಳಿದ್ದೇ ಹೆಚ್ಚೆಂದರೂ ತಪ್ಪಾಗದು.

ಹೊಗಳಿಕೆಯ ಚಿತ್ರಗಳಿಗೆ ಎಲ್ಲ ದೇಶಗಳಲ್ಲಿಯೂ ಮನ್ನಣೆ ಬೇಗ ಸಿಕ್ಕುತ್ತದೆ. ಪ್ರಶ್ನೆ ಕೇಳುವ ಚಿತ್ರಗಳ ಪಾಡು ಬೇರೆ. ಪೀಟರ್ ಲೆನನ್ ಎಂಬ ಡಬ್ಲಿನ್ ಮೂಲದ ಪತ್ರಕರ್ತರು ಪ್ಯಾರಿಸ್ಸಿನಲ್ಲಿದ್ದರು. ೧೯೬೭ರಲ್ಲಿ ಅವರು ರಾವುಲ್ ಕುತಾರ್ ಎಂಬ ಹೆಸರಾಂತ ಫ್ರೆಂಚ್ ಛಾಯಾಗ್ರಾಹಕನನ್ನು ಕರೆದುಕೊಂಡು ಬಂದು 'ರಾಕಿ ರೋಡ್ ಟು ಡಬ್ಲಿನ್' ಎಂಬ ಸಾಕ್ಷ್ಯಚಿತ್ರ ತೆಗೆದರು. ಕ್ರಾಂತಿಯೇನೋ ಕೈಗೂಡಿತು, ಇನ್ನು ಅದನ್ನು ಇಟ್ಟುಕೊಂಡು ಏನು ಮಾಡಿದಿರಿ, ಎಂಬುದು ಅದರ ಪ್ರಶ್ನೆ. ಶಾಲೆಯ ಹುಡುಗರು ಪಾಪದ ಲಕ್ಷಣಗಳನ್ನು ಗಿಣಿಪಾಠದಂತೆ ಒಪ್ಪಿಸುವ ದೃಶ್ಯ ಅದರಲ್ಲಿದೆ. ೧೯೬೮ರಲ್ಲಿ ಕಾನ್ ಉತ್ಸವದಲ್ಲಿ ಅದಕ್ಕೆ ಗೌರವ ಸಿಕ್ಕಿತು. ಸ್ವದೇಶದಲ್ಲಿ ಅದನ್ನು ಯಾರೂ ನಿಷೇಧಿಸಲಿಲ್ಲ, ಆದರೆ ತೋರಿಸುವವರೂ ಇರಲಿಲ್ಲ. ದಶಕಗಳ ಕಾಲ ಮೂಲೆ ಸೇರಿತು. ನಿಷೇಧಿಸಿದ್ದರೆ ಒಂದಿಷ್ಟು ಕೂಗಾದರೂ ಏಳುತ್ತಿತ್ತು.

೧೯೭೮ರಲ್ಲಿ ಬಾಬ್ ಕ್ವಿನ್ ಅವರು 'ಪೊಚೀನ್' ತೆಗೆದರು. ಪೂರ್ತಿ ಐರಿಷ್ ಭಾಷೆಯಲ್ಲಿಯೇ ಇರುವ ಮೊದಲ ಕಥಾಚಿತ್ರವೆಂದು ಇದಕ್ಕೆ ಹೆಸರು. ಪೊಚೀನ್ ಎಂದರೆ ನಮ್ಮ ಕಡೆಯ ಕಳ್ಳಭಟ್ಟಿ. ಕನಮಾರಾ ಪ್ರದೇಶದ ಮುದುಕನೊಬ್ಬ ಕಳ್ಳಭಟ್ಟಿ ಇಳಿಸುತ್ತಾನೆ; ಅದನ್ನು ಮಾರುವ ಇಬ್ಬರು ಪೋಕರಿಗಳು ಅವನಿಗೆ ಮೋಸ ಮಾಡಲು ಹೊರಡುತ್ತಾರೆ. ಕುಡಿದ ಆ ಪೋಕರಿಗಳು ಮುದುಕನ ಮನೆಯೊಳಗೆ ಆಲೂಗೆಡ್ಡೆಗಳನ್ನು ಎಸೆದಾಡುವ ದೃಶ್ಯವನ್ನು ಅಲ್ಲಿನವರು ಇಂದಿಗೂ ಮರೆತಿಲ್ಲವಂತೆ. ಆಲೂಗೆಡ್ಡೆ ಇಲ್ಲದೆ ಹತ್ತು ಲಕ್ಷ ಜನ ಸತ್ತ ನೆಲದಲ್ಲಿ ಅದನ್ನು ಕಾಲಕಸ ಮಾಡಿ ತೋರಿಸುವುದೆಂದರೆ ನಮ್ಮವರ ಮುಂದೆ ಅನ್ನ ತುಳಿದಂತೆ. ಐರಿಷ್ ಮಾತನಾಡುವ ಹಳ್ಳಿಗರೆಂದರೆ ಸಾಧುಸಜ್ಜನರು, ಹಾಡುಗಾರರು, ದೈವಭಕ್ತರು ಎಂದು ಪಟ್ಟಣದವರು ಪಠ್ಯಪುಸ್ತಕದಲ್ಲಿ ಓದಿದ್ದರು. ಅದೇ ಭಾಷೆಯಲ್ಲಿ ಕಳ್ಳರೂ ಮಾತನಾಡಬಹುದೆಂದು ಕ್ವಿನ್ ತೋರಿಸಿದರು. ಬದುಕಿರುವ ಭಾಷೆಯಲ್ಲಿ ಬೈಗುಳವೂ ಇರುತ್ತದೆ.

ಉಪಾಧ್ಯಾಯನಾದ ನನ್ನನ್ನು ಹೆಚ್ಚು ತಟ್ಟಿದ ಸಂಗತಿ ಇನ್ನೊಂದು. ೧೯೮೧ರಲ್ಲಿ ಕ್ಯಾಥಲ್ ಬ್ಲ್ಯಾಕ್ ಎಂಬ ನಿರ್ದೇಶಕರು 'ಅವರ್ ಬಾಯ್ಸ್' ಎಂಬ ಚಿಕ್ಕ ಚಿತ್ರ ಮಾಡಿದರು. ಕ್ರೈಸ್ತ ಧಾರ್ಮಿಕ ಸಂಘವೊಂದು ನಡೆಸುತ್ತಿದ್ದ ಗಂಡುಹುಡುಗರ ಶಾಲೆಯ ಕಥೆ ಅದು. ಅಲ್ಲಿ ಓದಿ ದೊಡ್ಡವರಾದವರು ತಾವು ತಿಂದ ಪೆಟ್ಟುಗಳ ಬಗ್ಗೆ ತಾವೇ ಕುಳಿತು ಹೇಳುತ್ತಾರೆ. ಚಿತ್ರಕ್ಕೆ ಹಣ ಹಾಕಿದವರಲ್ಲಿ ಅಲ್ಲಿನ ರಾಷ್ಟ್ರೀಯ ದೂರದರ್ಶನವೂ ಒಂದು. ಆದರೂ ಸುಮಾರು ಹತ್ತು ವರ್ಷ ಅದನ್ನು ಪ್ರಸಾರ ಮಾಡಲಿಲ್ಲ. ಚಿತ್ರ ತಯಾರಾದ ಮರುವರ್ಷ, ೧೯೮೨ರಲ್ಲಿ, ಶಾಲೆಗಳಲ್ಲಿ ಹೊಡೆಯುವುದನ್ನು ಸರ್ಕಾರ ನಿಲ್ಲಿಸಿತು. ಒಂದು ಇನ್ನೊಂದಕ್ಕೆ ಕಾರಣವೆಂದು ನಾನು ಹೇಳುತ್ತಿಲ್ಲ. ಬೆತ್ತ ಹಿಡಿದಿದ್ದ ನನ್ನ ಕೈಗೆ ಆ ಎರಡು ಇಸವಿಗಳು ಒಟ್ಟಿಗೆ ಕಂಡವು, ಅಷ್ಟೆ.

ಇನ್ನು ಹಣದ ವಿಚಾರ. ಕವಿತೆಗೆ ಕಾಗದ ಸಾಕು, ಚಿತ್ರಕ್ಕೆ ಸಾಲದು. ೧೯೮೦ರಲ್ಲಿ ಐರಿಷ್ ಸರ್ಕಾರ ಶಾಸನ ಮಾಡಿ ಚಲಚ್ಚಿತ್ರ ಮಂಡಲಿಯೊಂದನ್ನು ಸ್ಥಾಪಿಸಿತು. ನೀಲ್ ಜಾರ್ಡನ್ ಅವರ ಮೊದಲ ಚಿತ್ರ 'ಏಂಜಲ್' ೧೯೮೨ರಲ್ಲಿ ಬಂದದ್ದು ಅದರ ನೆರವಿನಿಂದಲೇ. ಆದರೆ ದೇಶದ ಬೊಕ್ಕಸ ಬರಿದಾಗಿದ್ದ ಕಾಲದಲ್ಲಿ, ೧೯೮೭ರಲ್ಲಿ, ಹಾಕಿದ ಹಣ ಹಿಂದಿರುಗುತ್ತಿಲ್ಲವೆಂಬ ಕಾರಣಕ್ಕೆ ಮಂಡಲಿಯ ಬಾಗಿಲು ಮುಚ್ಚಿದರು. ವಿಧಿಯ ಹಾಸ್ಯ ನೋಡಿ: ಎರಡೇ ವರ್ಷಗಳ ಬಳಿಕ 'ಮೈ ಲೆಫ್ಟ್ ಫುಟ್' ಎಂಬ ಐರಿಷ್ ಚಿತ್ರ ಬಂದು, ಅದರ ನಟನಿಗೂ ನಟಿಗೂ ಆಸ್ಕರ್ ಪಾರಿತೋಷಕ ತಂದಿತು. ೧೯೯೩ರ ಮಾರ್ಚಿಯಲ್ಲಿ ಅದೇ ನೀಲ್ ಜಾರ್ಡನ್ ಅವರು 'ದಿ ಕ್ರೈಯಿಂಗ್ ಗೇಮ್' ಚಿತ್ರಕಥೆಗಾಗಿ ಆಸ್ಕರ್ ಪಡೆದರು. ಆ ಸುದ್ದಿಯ ಬೆನ್ನಲ್ಲೇ ಮಂಡಲಿಗೆ ಪುನರ್ಜನ್ಮ ಸಿಕ್ಕಿತು. ಆಗ ಸಂಸ್ಕೃತಿ ಖಾತೆಯ ಮಂತ್ರಿಯಾಗಿದ್ದವರು ಮೈಕೇಲ್ ಡಿ. ಹಿಗಿನ್ಸ್, ಸ್ವತಃ ಕವಿ, ೨೦೧೧ರಲ್ಲಿ ರಾಷ್ಟ್ರಾಧ್ಯಕ್ಷರಾದರು. ೨೦೧೮ರಿಂದ ಮಂಡಲಿಯ ಹೆಸರು 'ಸ್ಕ್ರೀನ್ ಐರ್ಲೆಂಡ್'.

ಈ ಮಂಡಲಿ ಕೊಡುವ ಹಣ ಒಂದು ಕಡೆ. ತೆರಿಗೆಯ ರಿಯಾಯಿತಿ ಇನ್ನೊಂದು ಕಡೆ. ಐರ್ಲೆಂಡಿನಲ್ಲಿ ಚಿತ್ರ ತೆಗೆದರೆ, ಅಲ್ಲಿ ಖರ್ಚು ಮಾಡಿದ ಅರ್ಹ ಮೊತ್ತದಲ್ಲಿ ಸಾಮಾನ್ಯವಾಗಿ ಶೇಕಡ ೩೨ರ ವರೆಗೆ ಹಿಂದಕ್ಕೆ ಸಿಕ್ಕುತ್ತದೆ. ಇದರ ಆಸೆಗೆ ಹಾಲಿವುಡ್ಡಿನ ಭಾರಿ ಕಂಪನಿಗಳು ಬರುತ್ತವೆ. ಬಡಗಿ, ದರ್ಜಿ, ದೀಪದವ, ಅಡಿಗೆಯವ ಎಲ್ಲರಿಗೂ ಕೆಲಸವಾಗುತ್ತದೆ. ಇದರಿಂದ ಅನುಕೂಲವೂ ಉಂಟು, ತೊಡಕೂ ಉಂಟು. ಭಾರಿ ಚಿತ್ರದಲ್ಲಿ ಕೈ ಪಳಗಿಸಿಕೊಂಡವರು ಬಿಡುವಿನಲ್ಲಿ ಸ್ನೇಹಿತನ ಕಿರುಚಿತ್ರಕ್ಕೆ ಬಂದು ದೀಪ ಹಿಡಿಯುತ್ತಾರೆ; ಆದರೆ ಭಾರಿ ಚಿತ್ರ ಕೊಡುವ ಕೂಲಿಯನ್ನು ಸಣ್ಣ ಚಿತ್ರದವನು ಎಂದೂ ಕೊಡಲಾರ. ಇದರ ಜೊತೆಗೆ ಸರ್ಕಾರ ೨೦೨೨ರಲ್ಲಿ ಎರಡು ಸಾವಿರ ಮಂದಿ ಕಲಾವಿದರನ್ನು ಆರಿಸಿ, ವಾರಕ್ಕೆ ೩೨೫ ಯೂರೋ ಕೊಟ್ಟು ನೋಡುವ ಪ್ರಯೋಗವನ್ನೂ ಆರಂಭಿಸಿತು. ಏನು ಬರೆದೆ, ಏನು ತೆಗೆದೆ ಎಂದು ಲೆಕ್ಕ ಕೇಳದೆ ಕೊಡುವ ಹಣ! ನಮ್ಮ ಹಿಂದಿನ ರಾಜಾಸ್ಥಾನಗಳಲ್ಲಿಯೂ ಇಷ್ಟು ಧಾರಾಳವಿರಲಿಲ್ಲ. ಅಲ್ಲಿ ಹೊಗಳುಪದ್ಯವನ್ನಾದರೂ ಒಪ್ಪಿಸಬೇಕಿತ್ತು.

ಕಿರುಚಿತ್ರವೆಂಬುದು ಈ ಏರ್ಪಾಡಿನಲ್ಲಿ ಅಭ್ಯಾಸದ ಗರಡಿ. ಹೊಸಬನಿಗೆ ಎರಡು ಗಂಟೆಯ ಚಿತ್ರಕ್ಕೆ ಯಾರೂ ಹಣ ಕೊಡುವುದಿಲ್ಲ. ಹತ್ತು ನಿಮಿಷದ್ದಕ್ಕೆ ಕೊಡುತ್ತಾರೆ. ಚಲಚ್ಚಿತ್ರ ಮಂಡಲಿಯೂ, ೧೯೯೬ರಲ್ಲಿ ಕನಮಾರಾದಲ್ಲಿ ಪ್ರಾರಂಭವಾದ ಐರಿಷ್ ಭಾಷೆಯ ದೂರದರ್ಶನ ಕೇಂದ್ರವೂ (ಅದರ ಈಗಿನ ಹೆಸರು ಟಿ.ಜಿ. ೪) ಇಂಥ ಯೋಜನೆಗಳನ್ನು ನಡೆಸಿಕೊಂಡು ಬಂದಿವೆ. ತಯಾರಾದ ಚಿತ್ರ ಮೊದಲು ಮುಖ ತೋರಿಸುವುದು ಉತ್ಸವಗಳಲ್ಲಿ. ಕಾರ್ಕ್ ನಗರದ ಉತ್ಸವ ೧೯೫೬ರಷ್ಟು ಹಳೆಯದು. ಗಾಲ್ವೇ ನಗರದ್ದು ೧೯೮೯ರಿಂದ ನಡೆಯುತ್ತಿದೆ, ಪ್ರತಿ ಜುಲೈ ತಿಂಗಳಲ್ಲಿ. ಇಲ್ಲಿ ಕಿರುಚಿತ್ರಕ್ಕೆ ಬಹುಮಾನ ಬಂದರೆ ಆಸ್ಕರ್ ಸ್ಪರ್ಧೆಯ ಬಾಗಿಲು ತೆರೆಯುತ್ತದೆ. ಮುಂದೆ 'ಗ್ಯಾರೇಜ್', 'ರೂಮ್' ಮುಂತಾದ ಚಿತ್ರಗಳಿಂದ ಹೆಸರು ಮಾಡಿದ ಲೆನಿ ಏಬ್ರಹಾಂಸನ್ ಅವರೂ ೧೯೯೧ರಲ್ಲಿ '೩ ಜೋಸ್' ಎಂಬ ಕಿರುಚಿತ್ರದಿಂದಲೇ ಮೊದಲಿಟ್ಟರು.

ಇವುಗಳಲ್ಲಿ ನನಗೆ ಅತಿಪ್ರಿಯವಾದದ್ದು ೨೦೦೧ರ ಒಂದು ಚಿತ್ರಿಕೆ. 'ಗಿವ್ ಅಪ್ ಯರ್ ಓಲ್ಡ್ ಸಿನ್ಸ್' ಎಂದು ಅದರ ಹೆಸರು. ಡಬ್ಲಿನ್ ಮಕ್ಕಳ ಉಚ್ಚಾರಣೆಯಲ್ಲಿ 'ಓಲ್ಡ್' ಎಂಬುದು 'ಔಲ್' ಆಗುತ್ತದೆ, ಹೆಸರನ್ನೂ ಹಾಗೆಯೇ ಬರೆದಿದ್ದಾರೆ. ಕಥಲ್ ಗ್ಯಾಫ್ನಿ ಎಂಬವರ ನಿರ್ದೇಶನ. ಐದು ನಿಮಿಷ ಹಿಡಿಯುತ್ತದೋ ಇಲ್ಲವೋ. ಇದರ ಮೂಲ ಹೀಗಿದೆ. ೧೯೬೦ರ ದಶಕದಲ್ಲಿ ಡಬ್ಲಿನ್ನಿನ ಬಡವರ ಕೇರಿಯ ಶಾಲೆಯೊಂದರಲ್ಲಿ ಕನ್ನಿಂಗ್‌ಹ್ಯಾಮ್ ಎಂಬ ಉಪಾಧ್ಯಾಯಿನಿ ಇದ್ದರು. ಅವರು ಮಕ್ಕಳಿಂದ ಬೈಬಲಿನ ಕಥೆಗಳನ್ನು ಹೇಳಿಸಿ ಧ್ವನಿಮುದ್ರಣ ಮಾಡಿಕೊಂಡರು. ಮಕ್ಕಳು ಪಾಠ ಒಪ್ಪಿಸಲಿಲ್ಲ. ತಮ್ಮ ಕೇರಿಯ ಮಾತಿನಲ್ಲಿ, ಪಕ್ಕದ ಮನೆಯ ಸುದ್ದಿ ಹೇಳುವಂತೆ, ಸ್ನಾನಿಕ ಯೋಹಾನನ ಕಥೆಯನ್ನು ಒಂದೇ ಉಸಿರಿಗೆ ಹೇಳಿಬಿಟ್ಟರು. ಸುಮಾರು ನಾಲ್ವತ್ತು ವರ್ಷಗಳ ಬಳಿಕ ಆ ಧ್ವನಿಯ ಕೆಳಗೆ ಬರೆದ ಚಿತ್ರಗಳನ್ನು ಚಲಿಸುವಂತೆ ಜೋಡಿಸಿ ಈ ಕಿರುಚಿತ್ರ ಮಾಡಿದರು. ಆಸ್ಕರ್ ಸ್ಪರ್ಧೆಯ ಕೊನೆಯ ಸುತ್ತಿಗೂ ಹೋಯಿತು. ಹೇಳುವ ಹುಡುಗಿಯ ದನಿ ಎಲ್ಲಿ ಏರುತ್ತದೆ, ಎಲ್ಲಿ ಉಸಿರು ಸಾಲದೆ ನಿಲ್ಲುತ್ತದೆ, ಅಲ್ಲೆಲ್ಲ ಚಿತ್ರವೂ ಏರುತ್ತದೆ, ನಿಲ್ಲುತ್ತದೆ.

ಇದನ್ನು ನೋಡಿದಾಗ ನನಗೆ ನನ್ನದೇ ಒಂದು ಅಪರಾಧ ನೆನಪಾಯಿತು. ಉದ್ಯೋಗಕ್ಕೆ ಸೇರಿದ ಹೊಸತರಲ್ಲಿ, ಹಳ್ಳಿಯ ಶಾಲೆಯೊಂದರಲ್ಲಿದ್ದಾಗ, ನಾನೂ ಒಂದು ಟೇಪ್ ರೆಕಾರ್ಡರ್ ಕೊಂಡಿದ್ದೆ. ಏಳನೆಯ ತರಗತಿಯ ಮಕ್ಕಳಿಂದ ಅವರವರ ಅಜ್ಜಿಯರು ಹೇಳಿದ ಕಥೆಗಳನ್ನು ಹೇಳಿಸಿ ಎರಡು ಕ್ಯಾಸೆಟ್ ತುಂಬಿಸಿದ್ದೆ. ಅವರ ಮಾತಿನ ಸೊಗಡನ್ನು ಪದಪಟ್ಟಿ ಮಾಡಬೇಕೆಂಬ ಆಸೆ. ಆ ವರ್ಷ ಶಾಲಾ ವಾರ್ಷಿಕೋತ್ಸವಕ್ಕೆ ಗಣ್ಯರೊಬ್ಬರು ಬಂದರು. ಹೊಸ ಕ್ಯಾಸೆಟ್ ತರಲು ಹೊತ್ತಿರಲಿಲ್ಲ. ಮಕ್ಕಳ ಕಥೆಗಳ ಮೇಲೆಯೇ ನಾನು ಆ ಭಾಷಣವನ್ನು ಮುದ್ರಿಸಿಕೊಂಡೆ. ಆ ಭಾಷಣವನ್ನು ಆಮೇಲೆ ನಾನಾಗಲಿ ಬೇರೆಯವರಾಗಲಿ ಒಂದು ದಿನವೂ ಕೇಳಲಿಲ್ಲ.

ಬಾನುಲಿಯ ಅಭಿಮಾನಿಗಳು ಹುಡುಕಿ ನೋಡಬೇಕಾದ ಇನ್ನೊಂದು ಚಿತ್ರವೆಂದರೆ ಪ್ಯಾಟ್ ಕಾಲಿನ್ಸ್ ಅವರ 'ಸೈಲೆನ್ಸ್'. ಇದು ಕಿರುಚಿತ್ರವಲ್ಲ, ಆದರೆ ಅದರ ಖರ್ಚೂ ಮಾತೂ ಎರಡೂ ಕಿರಿದೇ. ೨೦೧೨ರಲ್ಲಿ ಬಂದದ್ದು. ಅದರ ನಾಯಕ ಧ್ವನಿಮುದ್ರಣದ ಕೆಲಸದವನು. ಬರ್ಲಿನ್ನಿನಲ್ಲಿ ಬಹುಕಾಲ ಇದ್ದವನು ಐರ್ಲೆಂಡಿಗೆ ಒಂದು ಕೆಲಸದ ಮೇಲೆ ಹಿಂದಿರುಗುತ್ತಾನೆ: ಮನುಷ್ಯ ಮಾಡಿದ ಯಾವ ಸದ್ದೂ ಇಲ್ಲದ ಜಾಗಗಳನ್ನು ಹುಡುಕಿ, ಅಲ್ಲಿನ ನಿಶ್ಶಬ್ದವನ್ನು ಮುದ್ರಿಸಿಕೊಳ್ಳಬೇಕು. ಮೈಕನ್ನು ಹೊತ್ತು ಗುಡ್ಡ, ಬಯಲು, ಕಡಲ ದಂಡೆ ತಿರುಗುತ್ತಾನೆ. ಎಲ್ಲಿ ಹೋದರೂ ಯಾರೋ ಒಬ್ಬರು ಬಂದು ಮಾತಿಗೆ ನಿಲ್ಲುತ್ತಾರೆ! ಮೊದಮೊದಲು ಇಂಗ್ಲಿಷಿನಲ್ಲಿದ್ದ ಮಾತು, ಅವನು ತನ್ನ ಊರಾದ ಡೊನಿಗಾಲ್ ಕಡೆಗೆ ಸಾಗಿದಂತೆಲ್ಲ, ಐರಿಷ್ ಆಗುತ್ತ ಹೋಗುತ್ತದೆ. ಗಾಳಿ, ಹಕ್ಕಿ, ನೀರು ಇವುಗಳ ಸದ್ದೇ ಚಿತ್ರದ ಅರ್ಧಭಾಗ. ಕಣ್ಣು ಮುಚ್ಚಿಕೊಂಡು ಕೂತರೂ ಚಿತ್ರ ಅರ್ಥವಾಗುತ್ತದೆಂದು ನನ್ನ ಸೋದರಳಿಯ ಹಾಸ್ಯ ಮಾಡಿದ. ಅದು ಹಾಸ್ಯವಲ್ಲ. ನಾನು ಹಾಗೆಯೇ ಕೂತು ಕೇಳಿದೆ. ಕಥೆ ಬಯಸುವವರಿಗೆ ಮಾತ್ರ ಇದು ಬೇಸರವಾದೀತು, ಅದನ್ನೂ ಮುಚ್ಚಿಡಬಾರದು.

ಪಾರಿತೋಷಕಗಳ ಪಟ್ಟಿಯನ್ನು ಬೇಗ ಮುಗಿಸುತ್ತೇನೆ. ಕಿರುಚಿತ್ರದ ಆಸ್ಕರ್ ಈ ನೆಲಕ್ಕೆ ಹಲವು ಸಲ ಬಂದಿದೆ. ನಾಟಕಕಾರ ಮಾರ್ಟಿನ್ ಮೆಕ್‌ಡೊನಾ ಅವರ 'ಸಿಕ್ಸ್ ಶೂಟರ್' ೨೦೦೬ರಲ್ಲಿ ಗೆದ್ದಿತು. ಹೆಂಡತಿಯನ್ನು ಅದೇ ದಿನ ಕಳೆದುಕೊಂಡವನೊಬ್ಬನ ರೈಲು ಪ್ರಯಾಣ ಅದು. ನಗುವನ್ನೂ ರಕ್ತವನ್ನೂ ಅದರಲ್ಲಿ ಕಲಸಿದ ಪರಿ ನನಗೆ ರುಚಿಸಲಿಲ್ಲ. ೨೦೧೨ರಲ್ಲಿ ಟೆರಿ ಜಾರ್ಜ್ ಅವರ 'ದಿ ಶೋರ್' ಗೆದ್ದಿತು. ಉತ್ತರ ಐರ್ಲೆಂಡಿನ ಗಲಭೆಯ ಕಾಲದಲ್ಲಿ ಅಗಲಿದ ಗೆಳೆಯರು ಮುಪ್ಪಿನ ಹೊತ್ತಿಗೆ ಮತ್ತೆ ಕಾಣುವ ಕಥೆ. ೨೦೨೩ರಲ್ಲಿ ಟಾಮ್ ಬರ್ಕ್ಲಿ, ರಾಸ್ ವೈಟ್ ಇಬ್ಬರೂ ಸೇರಿ ಮಾಡಿದ 'ಆನ್ ಐರಿಷ್ ಗುಡ್‌ಬೈ'. ತಾಯಿ ಸತ್ತ ಮೇಲೆ ಅಣ್ಣತಮ್ಮಂದಿರು ಹೊಲದ ಮನೆಯಲ್ಲಿ ಕೂಡುತ್ತಾರೆ. ತಾಯಿ ಬದುಕಿದ್ದಾಗ ಮಾಡಬೇಕೆಂದು ಬರೆದಿಟ್ಟು ಮಾಡಲಾಗದೆ ಹೋದ ನೂರು ಆಸೆಗಳ ಪಟ್ಟಿ ಸಿಕ್ಕುತ್ತದೆ. ಅವನ್ನೆಲ್ಲ ತಾಯಿಯ ಚಿತಾಭಸ್ಮದೊಡನೆ ಪೂರೈಸಿಯೇ ತೀರಬೇಕೆಂದು ತಮ್ಮ ಹಟ ಹಿಡಿಯುತ್ತಾನೆ. ತಮ್ಮನ ಪಾತ್ರ ಮಾಡಿದ ಜೇಮ್ಸ್ ಮಾರ್ಟಿನ್ ಡೌನ್ ಸಿಂಡ್ರೋಮ್ ಇರುವ ನಟ. ಪಾರಿತೋಷಕದ ರಾತ್ರಿಯೇ ಅವರ ಮೂವತ್ತೊಂದನೆಯ ಹುಟ್ಟುಹಬ್ಬವಾಗಿತ್ತು. ಸಭೆಯೆಲ್ಲ ಶುಭಾಶಯದ ಹಾಡು ಹಾಡಿತು. ಈ ಕೊನೆಯ ಎರಡು ಚಿತ್ರಗಳು ಬ್ರಿಟಿಷ್ ಆಡಳಿತಕ್ಕೆ ಸೇರಿದ ಉತ್ತರ ಐರ್ಲೆಂಡಿನವು. ಇವನ್ನು ಐರಿಷ್ ಎನ್ನಬೇಕೋ ಬ್ರಿಟಿಷ್ ಎನ್ನಬೇಕೋ ಎಂಬ ಜಗಳ ಅಲ್ಲಿ ಉಂಟು. ಅದು ಚಿತ್ರಕ್ಕಿಂತ ಹಳೆಯ ಜಗಳ.

ಕೈಯಲ್ಲಿ ಕಾಸಿಲ್ಲದೆ ತೆಗೆದ ಪೂರ್ಣಚಿತ್ರಗಳಲ್ಲಿ ಜಾನ್ ಕಾರ್ನಿ ಅವರ 'ಒನ್ಸ್' ಹೆಸರುವಾಸಿ. ಒಂದೂವರೆ ಲಕ್ಷ ಯೂರೋಗೂ ಕಡಿಮೆ ಹಣದಲ್ಲಿ, ಹದಿನೇಳು ದಿನಗಳಲ್ಲಿ ತೆಗೆದದ್ದು. ಬೀದಿಯಲ್ಲಿ ಹಾಡಿ ಕಾಸು ಸಂಪಾದಿಸುವ ಗಾಯಕನ ಕಥೆ. ನಿಜವಾದ ಗಾಯಕರೇ ನಟಿಸಿದರು. ದಾರಿಹೋಕರಿಗೆ ಚಿತ್ರಗ್ರಹಣ ನಡೆಯುತ್ತಿದೆಯೆಂದು ತಿಳಿಯದಂತೆ ದೂರದಿಂದ ಕ್ಯಾಮೆರಾ ಹಿಡಿದರು. ೨೦೦೮ರಲ್ಲಿ ಅದರ ಹಾಡಿಗೆ ಆಸ್ಕರ್ ಬಂತು. ಕಿಲ್ಕೆನಿ ಎಂಬ ಸಣ್ಣ ಊರಿನಲ್ಲಿ ೧೯೯೯ರಲ್ಲಿ ಮೂವರು ಗೆಳೆಯರು ಹೂಡಿದ 'ಕಾರ್ಟೂನ್ ಸಲೂನ್' ಸಂಸ್ಥೆಯ ವಿಚಾರವೂ ಇಂಥದೇ. 'ದಿ ಸೀಕ್ರೆಟ್ ಆಫ್ ಕೆಲ್ಸ್', 'ಸಾಂಗ್ ಆಫ್ ದಿ ಸೀ', 'ವುಲ್ಫ್‌ವಾಕರ್ಸ್' ಮುಂತಾದ ಅದರ ಬರೆದ ಚಿತ್ರಗಳಲ್ಲಿ ಹಳೆಯ ಐರಿಷ್ ಹಸ್ತಪ್ರತಿಗಳ ರೇಖೆಗಳೂ ಬಳ್ಳಿಗಳೂ ಜೀವಂತವಾಗಿ ಹರಿದಾಡುತ್ತವೆ. ಮಕ್ಕಳಿರುವ ಮನೆಯವರು ಇವುಗಳಿಂದಲೇ ಆರಂಭಿಸುವುದು ಒಳ್ಳೆಯದು.

ಆದರೆ ಈ ಎಲ್ಲ ಪ್ರಯಾಸದ ಫಲವೆಂದು ನಾನು ಎಣಿಸುವುದು ಕಾಲಮ್ ಬರೇಡ್ ಅವರ 'ಅನ್ ಕ್ಯಾಲೀನ್ ಕ್ಯೂನ್' ಎಂಬ ಚಿತ್ರವನ್ನು. 'ಮೌನಿ ಹುಡುಗಿ' ಎಂದು ಅರ್ಥ. ಐರಿಷ್ ದೂರದರ್ಶನ ಕೇಂದ್ರ, ಚಲಚ್ಚಿತ್ರ ಮಂಡಲಿ, ಪ್ರಸಾರ ಪ್ರಾಧಿಕಾರ ಮೂರೂ ಕೂಡಿ ೨೦೧೭ರಲ್ಲಿ ಐರಿಷ್ ಭಾಷೆಯ ಕಥಾಚಿತ್ರಗಳಿಗೆಂದೇ ಒಂದು ಯೋಜನೆ ಹಾಕಿದ್ದವು. ಅದರಿಂದ ಹುಟ್ಟಿದ ಚಿತ್ರ ಇದು. ಕ್ಲೇರ್ ಕೀಗನ್ ಅವರು ಇಂಗ್ಲಿಷಿನಲ್ಲಿ ಬರೆದ 'ಫಾಸ್ಟರ್' ಎಂಬ ನೀಳ್ಗತೆಯೇ ಇದಕ್ಕೆ ಮೂಲ. ಕಾಲ ೧೯೮೧. ಮನೆ ತುಂಬ ಮಕ್ಕಳಿರುವ ಬಡ ಸಂಸಾರದ ಒಂಬತ್ತು ವರ್ಷದ ಹುಡುಗಿಯನ್ನು, ತಾಯಿಗೆ ಇನ್ನೊಂದು ಹೆರಿಗೆಯಾಗುವ ವರೆಗೆ, ದೂರದ ನೆಂಟರ ಮನೆಯಲ್ಲಿ ಬಿಡುತ್ತಾರೆ. ಬಿಟ್ಟುಹೋಗುವ ಅಪ್ಪ ಅವಳ ಬಟ್ಟೆಯ ಪೆಟ್ಟಿಗೆಯನ್ನು ಇಳಿಸುವುದನ್ನೂ ಮರೆಯುತ್ತಾನೆ. ಅಪ್ಪನ ಬಾಯಲ್ಲಿ ಬರುವುದೆಲ್ಲ ಇಂಗ್ಲಿಷ್. ನೆಂಟರ ಮನೆಯ ಮಾತು ಐರಿಷ್. ಯಾವ ಭಾಷೆಯಲ್ಲಿ ಅಕ್ಕರೆ ಇದೆಯೆಂದು ಯಾರೂ ಹೇಳಬೇಕಾಗಿಲ್ಲ.

ಆ ಮನೆಯ ಯಜಮಾನ ಮೊದಲು ಹುಡುಗಿಯೊಡನೆ ಮಾತೇ ಆಡುವುದಿಲ್ಲ. ಒಂದು ದಿನ ಅಡಿಗೆಮನೆಯಲ್ಲಿ ಅವಳು ಒಬ್ಬಳೇ ಕು���ಿತಿರುವಾಗ, ಹಾದುಹೋಗುತ್ತ, ಮೇಜಿನ ಮೇಲೆ ಒಂದು ಬಿಸ್ಕತ್ತನ್ನಿಟ್ಟು, ತಿರುಗಿ ನೋಡದೆ ಹೊರಟುಹೋಗುತ್ತಾನೆ. ಅಷ್ಟೆ. ನಮ್ಮ ಆಲಂಕಾರಿಕರು ರಸವು ವ್ಯಂಗ್ಯವಾಗಬೇಕು, ವಾಚ್ಯವಾಗಬಾರದು ಎಂದು ನೂರಾರು ಪುಟ ಬರೆದಿದ್ದಾರೆ. ಪಂಡಿತ ಪರೀಕ್ಷೆಗೆ ಅವನ್ನೆಲ್ಲ ಕಂಠಪಾಠ ಮಾಡಿದ್ದೆ. ಅರ್ಥವಾದದ್ದು ಆ ಬಿಸ್ಕತ್ತನ್ನು ಕಂಡಾಗ. ಆ ಮನೆಯಲ್ಲಿ ಒಂದು ಗುಟ್ಟು ಉಂಟು. ಅದನ್ನು ಇಲ್ಲಿ ಒಡೆಯಬಾರದು. ೨೦೨೨ರಲ್ಲಿ ಬರ್ಲಿನ್ ಉತ್ಸವದಲ್ಲಿ ಬಹುಮಾನ ಪಡೆದು, ಮರುವರ್ಷ ಅನ್ಯಭಾಷಾ ಚಿತ್ರಗಳ ಆಸ್ಕರ್ ಸ್ಪರ್ಧೆಯ ಕೊನೆಯ ಐದರಲ್ಲಿ ನಿಂತಿತು. ಐರಿಷ್ ಭಾಷೆಯ ಚಿತ್ರವೊಂದು ಆ ಸಾಲಿಗೆ ಬಂದದ್ದು ಅದೇ ಮೊದಲು. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಐರ್ಲೆಂಡ್ ಮತ್ತು ಬ್ರಿಟನ್ನಿನ ಚಿತ್ರಮಂದಿರಗಳಲ್ಲಿ ಅದರ ಗಳಿಕೆ ಹತ್ತು ಲಕ್ಷ ಯೂರೋ ದಾಟಿತು. ಐರಿಷರು ತಮ್ಮ ಮೊದಲನೆಯ ರಾಜಭಾಷೆಯನ್ನು ಇಂಗ್ಲಿಷ್ ಅಡಿಬರಹ ಓದಿಕೊಂಡು ನೋಡಿದರು. ಅದರಲ್ಲಿ ನಾಚಿಕೆಯೂ ಇದೆ, ಸಂತೋಷವೂ ಇದೆ.

ನಮ್ಮ ನಾಡಿನೊಡನೆ ಸಂಬಂಧವಿರುವ ಒಂದು ಸಾಕ್ಷ್ಯಚಿತ್ರವನ್ನು ಹೇಳದೆ ಬಿಡಲಾರೆ. ಬೆಳಗಾವಿಯಲ್ಲಿ ಬೆಳೆದು ದಂತವೈದ್ಯೆಯಾಗಿ ಐರ್ಲೆಂಡಿಗೆ ಹೋಗಿದ್ದ ಸವಿತಾ ಹಾಲಪ್ಪನವರ ೨೦೧೨ರ ಅಕ್ಟೋಬರ್ ೨೮ರಂದು ಗಾಲ್ವೇ ನಗರದಲ್ಲಿ ತೀರಿಕೊಂಡರು. ವಯಸ್ಸು ಮೂವತ್ತೊಂದು. ಗರ್ಭ ಉಳಿಯಲಾರದೆಂದು ತಿಳಿದ ಮೇಲೂ ಗರ್ಭಪಾತಕ್ಕೆ ಅಲ್ಲಿನ ಕಾನೂನು ಅಡ್ಡ ಬಂದಿತ್ತು. ಆ ಸಾವಿನಿಂದ ದೇಶ ನಡುಗಿತು. ೧೯೮೩ರಲ್ಲಿ ಸಂವಿಧಾನಕ್ಕೆ ಸೇರಿಸಿದ್ದ ಎಂಟನೆಯ ತಿದ್ದುಪಡಿಯನ್ನು ೨೦೧೮ರ ಮೇ ೨೫ರ ಜನಮತದಲ್ಲಿ ಶೇಕಡ ೬೬ಕ್ಕೂ ಹೆಚ್ಚು ಮಂದಿ ತೆಗೆದುಹಾಕಿದರು. ಆ ಜನಮತದ ಹೋರಾಟವನ್ನು ಮೂವರು ಮಹಿಳೆಯರು ನಿರ್ದೇಶಿಸಿದ 'ದಿ ಏಯ್ತ್' ಎಂಬ ೨೦೨೦ರ ಚಿತ್ರ ನಿರೂಪಿಸುತ್ತದೆ. ಹಿಂದೆ 'ಅವರ್ ಬಾಯ್ಸ್' ಹತ್ತು ವರ್ಷ ಕಪಾಟಿನಲ್ಲಿ ಕೊಳೆಯಿತೆಂದು ಹೇಳಿದೆನಷ್ಟೆ. ಈ ಚಿತ್ರ ಹಾಗೆ ಕೊಳೆಯಲಿಲ್ಲ.

ಆರಂಭದಲ್ಲಿ ಹೇಳಬೇಕಾದ ಒಂದು ಚಿತ್ರವನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೇನೆ. ಐರಿಷ್ ಭಾಷೆಯ ಮೊಟ್ಟಮೊದಲ ವಾಕ್ಚಿತ್ರವೂ ಒಂದು ಕಿರುಚಿತ್ರವೇ. ಹನ್ನೊಂದು ನಿಮಿಷದ್ದು. ಫ್ಲಾಹರ್ಟಿಯವರು 'ಮ್ಯಾನ್ ಆಫ್ ಅರಾನ್' ಚಿತ್ರಕ್ಕೆ ಧ್ವನಿ ಕೂಡಿಸಲು ದ್ವೀಪದವರನ್ನು ಲಂಡನ್ನಿಗೆ ಕರೆಸಿಕೊಂಡಿದ್ದಾಗ, ಐರಿಷ್ ಸರ್ಕಾರದ ವಿದ್ಯಾ ಇಲಾಖೆಯ ಹಣದಿಂದ, ಅಲ್ಲಿನ ಸ್ಟುಡಿಯೋದಲ್ಲೇ ಒಂದು ಒಲೆ ಹೂಡಿ ಇದನ್ನು ತೆಗೆದರು. ೧೯೩೫ರಲ್ಲಿ ಬಿಡುಗಡೆಯಾಯಿತು. ಹೆಸರಿನ ಅರ್ಥ 'ಕಥೆಯ ರಾತ್ರಿ'. ಕಥೆ ಹೇಳುವವನಿಗೆ ಐರಿಷ್‌ನಲ್ಲಿ 'ಶನಖೀ' ಎಂದು ಹೆಸರು. ಅದರೊಳಗಿನ 'ಶನ್', ಅಂದರೆ ಹಳೆಯದು, ನಮ್ಮ 'ಸನಾತನ' ಶಬ್ದದೊಳಗಿನ 'ಸನ'ದ ಬಂಧು. ಚಿತ್ರದ ಪ್ರತಿಗಳೆಲ್ಲ ಬೆಂಕಿಗೆ ಆಹುತಿಯಾಗಿ, ಅದು ಕಳೆದೇ ಹೋಯಿತೆಂದು ಎಷ್ಟೋ ದಶಕ ಎಲ್ಲರೂ ಕೈಬಿಟ್ಟಿದ್ದರು. ೨೦೧೨ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಒಂದು ಪ್ರತಿ ಸಿಕ್ಕಿತು. ೧೯೩೫ರಲ್ಲಿಯೇ ಆ ವಿಶ್ವವಿದ್ಯಾಲಯ ಅದನ್ನು ಕೊಂಡಿಟ್ಟಿತ್ತು.

ಈಗ ಅದನ್ನು ಶುದ್ಧಿಪಡಿಸಿ ಮತ್ತೆ ತೋರಿಸುವಂತೆ ಮಾಡಿದ್ದಾರೆ. ಒಲೆಯ ಪಕ್ಕದಲ್ಲಿ ಮುದುಕ ಕುಳಿತಿದ್ದಾನೆ. ಸುತ್ತ ನಾಲ್ಕಾರು ಜನ. ಅವನು ಕಥೆ ಹೇಳಲು ತೊಡಗುತ್ತಾನೆ, ಹುಡುಗ ಬಾಯಿ ತೆರೆದುಕೊಂಡು ಕೇಳುತ್ತಾನೆ.